ಹೊಳೆ ದಾಟಿದವರ ನೆನಪು: ೧೯೪೮ರ ಗಡಿನಾಡಿನ ಸ್ಮೃತಿಕಥನಗಳನ್ನು ಕುರಿತು ಒಂದು ವಿಚಾರ

೧

ಯುದ್ಧಕಾಲದಲ್ಲಿ ಮನೆಮಾರುಗಳನ್ನು ಬಿಟ್ಟುಹೋದವರ ನೆನಪುಗಳು ಪ್ರಪಂಚದ ಅನೇಕ ಭಾಷೆಗಳಲ್ಲಿ ಈಗ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವಾಗಿ ಬೆಳೆದು ನಿಂತಿವೆ. ಇಂಗ್ಲಿಷ್ ಕಡಲ್ಗಾಲುವೆಯ ದ್ವೀಪಗಳ ಉದಾಹರಣೆ ಪ್ರಸಿದ್ಧವಾದುದು. ೧೯೪೦ರ ಜೂನ್ ತಿಂಗಳ ಕೊನೆಯಲ್ಲಿ ಜರ್ಮನ್ ಸೈನ್ಯವು ಆ ದ್ವೀಪಗಳನ್ನು ಹಿಡಿಯುವುದಕ್ಕೆ ಕೆಲವೇ ದಿನಗಳ ಮುಂಚೆ ಗರ್ನ್‌ಸಿಯಿಂದ ಸಹಸ್ರಾರು ಶಾಲಾಬಾಲಕರನ್ನು ಅವರ ಉಪಾಧ್ಯಾಯರೊಡನೆ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಆಲ್ಡರ್ನಿ ದ್ವೀಪವಂತೂ ಬಹುಮಟ್ಟಿಗೆ ಬರಿದಾಯಿತು. ೧೯೪೫ರ ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ ಹಿಂದಿರುಗಿದ ಮಕ್ಕಳಿಗೆ ಹೆತ್ತವರೇ ಅಪರಿಚಿತರಾಗಿ ತೋರಿದರೆಂಬ ಸಂಗತಿ ಆ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಸರಕಾರದ ಏರ್ಪಾಡಿದ್ದಿತು, ಹಡಗಿದ್ದಿತು, ಹೆಸರುಗಳ ಪಟ್ಟಿಯಿದ್ದಿತು. ಆದುದರಿಂದ ನೆನಪಿಗೆ ದಾಖಲೆಯ ಊರುಗೋಲೂ ದೊರೆಯಿತು.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ಅನುಭವವೆಂದರೆ ೧೯೪೭-೪೮ರಲ್ಲಿ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳ ಜನ ಊರು ಬಿಟ್ಟುಹೋದುದು. ಆ ಸಂಸ್ಥಾನಕ್ಕೆ ಕಡಲಿರಲಿಲ್ಲ. ಆದರೆ ೧೯೪೭ರ ಆಗಸ್ಟ್ ೧೫ರ ತರುವಾಯ ಭಾರತ ಒಕ್ಕೂಟದ ನೆಲವು ಅದನ್ನು ಎಲ್ಲ ಕಡೆಯಿಂದಲೂ ಸುತ್ತುವರಿದಿದ್ದಿತು. ಒಂದು ಕೋಟಿ ಅರವತ್ತು ಲಕ್ಷದಷ್ಟು ಜನರಿದ್ದ ಆ ನಾಡು ರಾಜಕೀಯ ದೃಷ್ಟಿಯಿಂದ ಒಂದು ದ್ವೀಪವೇ ಆಗಿದ್ದಿತೆನ್ನಬಹುದು. ಅಫಜಲಪುರ ತಾಲೂಕಿನ ಅತನೂರಿನಂಥ ಊರುಗಳಿಗೆ ಈ ದ್ವೀಪದ ದಂಡೆ ಬಹುದೂರವಿರಲಿಲ್ಲ. ದಕ್ಷಿಣಕ್ಕೆ ಭೀಮಾನದಿ; ಅದರ ಆಚೆಗೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ ತಾಲೂಕುಗಳು. ಉತ್ತರಕ್ಕೆ ಸೊಲ್ಲಾಪುರದಿಂದ ಕಲಬುರಗಿಗೆ ಬರುವ ರೈಲುದಾರಿ; ಅದರ ಮೇಲಿನ ಗಾಣಗಾಪುರ ನಿಲ್ದಾಣ ನಿಜಾಮರದು, ಅಲ್ಲಿಂದ ಪಶ್ಚಿಮಕ್ಕಿರುವ ದುಧನಿ ಅಕ್ಕಲಕೋಟೆಯದು. ಒಂದೇ ಭಾಷೆಯನ್ನಾಡುವ, ಒಂದೇ ಜಾತ್ರೆಗೆ ಕೂಡುವ, ಹೆಣ್ಣು ಕೊಟ್ಟು ತಂದು ಮಾಡುವ ಜನರ ನಡುವೆ ಈ ಗಡಿ ಹಾದುಹೋಗಿದ್ದಿತು.

ಈ ಊರು ಬಿಟ್ಟ ಅನುಭವವನ್ನು ಕುರಿತ ನೆನಪುಗಳನ್ನು ಇತಿಹಾಸಕಾರರು ಸಾಮಗ್ರಿಯೆಂದು ಬಳಸಿಕೊಂಡಿದ್ದಾರೆ. ರಾಜಕೀಯದವರು ಉದಾಹರಣೆಯೆಂದು ಬಳಸಿಕೊಂಡಿದ್ದಾರೆ. ಸಾಹಿತ್ಯವಿಮರ್ಶೆ ಮಾತ್ರ ಇವುಗಳನ್ನು ಕಥನವೆಂದು ತಿಳಿದು ಓದಿದುದು ಅಪೂರ್ವ. ಹಾಗೆ ಓದಿದಾಗ ಏನು ತೋರುತ್ತದೆ, ಯಾವುದು ಇದುವರೆಗೆ ಕಾಣದೆ ಉಳಿದಿದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಘಟನೆಗಳ ಚೌಕಟ್ಟನ್ನು ಮೊದಲು ಸಂಕ್ಷೇಪವಾಗಿ ನೆನೆಯಬೇಕು. ೧೯೪೭ರ ನವೆಂಬರ್ ೨೯ರಂದು ನಿಜಾಮರ ಸರಕಾರಕ್ಕೂ ಭಾರತ ಸರಕಾರಕ್ಕೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಹಳ್ಳಿಗಳಲ್ಲಿ ಯಾವ ಸ್ಥಿತಿಯೂ ಯಥಾಪ್ರಕಾರವಾಗಿ ಉಳಿಯಲಿಲ್ಲ. ಕಾಸೀಂ ರಜ್ವಿಯ ನೇತೃತ್ವದ ರಜಾಕಾರರ ದಂಡುಗಳು ಊರೂರು ತಿರುಗಿ ಸುಲಿಗೆ, ಕೊಲೆ, ಬೆಂಕಿಗಳಿಂದ ಜನರನ್ನು ಕಂಗೆಡಿಸಿದವು. ೧೯೪೮ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯೆ ಇವುಗಳಲ್ಲಿ ಕುಪ್ರಸಿದ್ಧವಾದುದು. ಅದೇ ಕಾಲಕ್ಕೆ ಒಕ್ಕೂಟದ ನೆಲದಲ್ಲಿ, ಗಡಿಯುದ್ದಕ್ಕೂ, ಸ್ಟೇಟ್ ಕಾಂಗ್ರೆಸ್ಸಿನವರು ಶಿಬಿರಗಳನ್ನು ತೆರೆದು ಸಂಸ್ಥಾನದೊಳಗಿನ ಠಾಣೆ, ನಾಕೆಗಳ ಮೇಲೆ ದಾಳಿ ನಡೆಸಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಮುಂಡರಗಿಯ ಶಿಬಿರ ಕನ್ನಡಿಗರಿಗೆ ಸುಪರಿಚಿತವಾದುದು. ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಸೋಲೊಪ್ಪಿದರು. ೧೯೫೬ರ ನವೆಂಬರ್ ೧ರಂದು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಪ್ರದೇಶ ವಿಶಾಲ ಮೈಸೂರಿಗೆ ಸೇರಿತು. ೨೦೧೯ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು.

ಈ ಚೌಕಟ್ಟಿನೊಳಗೆ ಊರು ಬಿಟ್ಟವರ ಅನುಭವಕ್ಕೆ ಹೆಸರೇ ಇಲ್ಲವೆಂಬುದನ್ನು ಗಮನಿಸಬೇಕು. ಬರಗಾಲಕ್ಕೆ ಊರು ಬಿಟ್ಟರೆ ಅದು ಗುಳೆ. ಪ್ಲೇಗು ಬಂದಾಗ ಊರಹೊರಗೆ ಗುಡಿಸಲು ಕಟ್ಟಿದರೆ ಅದಕ್ಕೂ ಹೆಸರುಂಟು. ೧೯೪೮ರದನ್ನು ಈ ಭಾಗದ ಹಿರಿಯರು ‘ಹೊಳಿ ದಾಟಿದಿವಿ’ ಎಂದೋ ‘ಊರು ಬಿಟ್ಟಿದಿವಿ’ ಎಂದೋ ಹೇಳುತ್ತಾರೆಯೇ ವಿನಾ ಅದನ್ನೊಂದು ನಾಮಪದದಲ್ಲಿ ಹಿಡಿದಿಡುವುದಿಲ್ಲ. ಕಾಲಕ್ಕೆ ಮಾತ್ರ ಹೆಸರಿದೆ: ‘ರಜಾಕಾರರ ಗದ್ದಲ’. ಗದ್ದಲ ಎಂಬ ಆ ಮಾತಿನಲ್ಲಿ ಕಾಲವಿದೆ, ಭಯವಿದೆ, ಹೋದವರ ಚಿತ್ರವಿಲ್ಲ. ಹೆಸರಿಲ್ಲದ ಅನುಭವವು ಬೇರೊಂದು ಹೆಸರಿನ ಕೆಳಗೆ ಸೇರಿಕೊಳ್ಳುವುದು ಸಹಜ. ಇಲ್ಲಿ ಅದು ‘ವಿಮೋಚನೆ’ ಎಂಬ ಹೆಸರಿನ ಕೆಳಗೆ ಸೇರಿತು.

೩

ನಮ್ಮ ಆಲಂಕಾರಿಕರು ಸ್ಮೃತಿಯನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಒಂದೆಂದು ಎಣಿಸಿದ್ದಾರೆ. ಎಂದರೆ ಸ್ಮೃತಿ ತನ್ನಷ್ಟಕ್ಕೆ ರಸವಾಗಲಾರದು; ಯಾವುದಾದರೊಂದು ಸ್ಥಾಯಿಯನ್ನು ಅದು ಪೋಷಿಸಬೇಕು. ಸ್ಮೃತಿಕಥನವನ್ನು ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ನೆನಪು ಯಾವ ಸ್ಥಾಯಿಗೆ ದುಡಿಯುತ್ತಿದೆ? ಉತ್ಸಾಹಕ್ಕೋ, ಶೋಕಕ್ಕೋ, ಭಯಕ್ಕೋ?

ಅಚ್ಚಾದ ಸ್ಮೃತಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ಸ್ವಾಮಿ ರಾಮಾನಂದತೀರ್ಥರು ಹುಟ್ಟಿದುದು ಭೀಮೆಯ ಆಚೆಯ ಸಿಂದಗಿಯಲ್ಲಿ; ಹೈದರಾಬಾದಿನ ಸ್ವಾತಂತ್ರ್ಯಹೋರಾಟವನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ನೆನಪುಗಳು ೧೯೬೭ರಲ್ಲಿ ಹೊರಬಂದವು. ಗ್ರಂಥದ ಸ್ಥಾಯಿ ನಿಸ್ಸಂದೇಹವಾಗಿ ಉತ್ಸಾಹ. ಹೋರಾಟಗಾರನ ದೃಢತೆ, ಸಂಘಟನೆಯ ಏಳುಬೀಳು, ಕೊನೆಯ ಜಯ ಇವು ಅದರ ಮೆಟ್ಟಿಲುಗಳು. ೧೯೪೮ರ ಬಹುಭಾಗ ಸ್ವಾಮೀಜಿಯವರು ಸೆರೆಮನೆಯಲ್ಲಿದ್ದರೆಂಬುದನ್ನೂ ಮರೆಯಲಾಗದು. ನದಿಯ ದಂಡೆಯಲ್ಲಿ ಆ ಬೇಸಿಗೆ ಕಂಡ ನೋಟವನ್ನು ಅವರು ಕಾಣುವಂತಿರಲಿಲ್ಲ.

ಇದಕ್ಕೆ ಎದುರಾದ ಕಡೆಯಿಂದ ಬರೆದವರು ಮೊಹಮ್ಮದ್ ಹೈದರ್. ಆಳಂದಕ್ಕೆ ನೆರೆಯದಾದ ಉಸ್ಮಾನಾಬಾದು ಜಿಲ್ಲೆಯಲ್ಲಿ ಅವರು ೧೯೪೮ರಲ್ಲಿ ನಿಜಾಮರ ಕಲೆಕ್ಟರರಾಗಿದ್ದರು. ಅವರ ನೆನಪುಗಳು ೨೦೧೨ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ಪುಸ್ತಕರೂಪದಲ್ಲಿ ಬಂದವು. ರಜಾಕಾರರನ್ನೂ ಗಡಿಯಾಚೆಯ ದಾಳಿಕಾರರನ್ನೂ ಏಕಕಾಲಕ್ಕೆ ಎದುರಿಸಬೇಕಾದ ಅಧಿಕಾರಿಯ ಇಕ್ಕಟ್ಟು ಆ ಗ್ರಂಥದ ಜೀವಾಳ. ಅದರ ಗದ್ಯ ಸಂಯಮವುಳ್ಳದ್ದು. ನಾಶವಾಗುತ್ತಿರುವ ವ್ಯವಸ್ಥೆಯೊಂದರ ಒಳಗೆ ನಿಂತವನ ನಿರ್ವೇದ ಅದರಲ್ಲಿ ಅಲ್ಲಲ್ಲಿ ಮಿಂಚುತ್ತದೆ. ನಿಜಾಮರ ಕೊನೆಯ ಪ್ರಧಾನಿಯಾಗಿದ್ದ ಮೀರ್ ಲಾಯಕ್ ಅಲಿ, ಭಾರತದ ಏಜೆಂಟ್ ಜನರಲ್ ಆಗಿದ್ದ ಕೆ. ಎಂ. ಮುನ್ಷಿ, ಸಂಸ್ಥಾನಗಳ ವಿಲೀನದ ಕಾರ್ಯದರ್ಶಿಯಾಗಿದ್ದ ವಿ. ಪಿ. ಮೆನನ್ ಇವರ ಗ್ರಂಥಗಳು ರಾಜಧಾನಿಯ ಮೇಜಿನ ಸುತ್ತಣವು. ಅವುಗಳನ್ನು ಇಲ್ಲಿ ಹೆಸರಿಸಿದರೆ ಸಾಕು.

ರಾಮಾನಂದತೀರ್ಥರ ಪಕ್ಷದವರಿಗೆ ಶಿಬಿರದಲ್ಲಿದ್ದವನು ವೀರ. ಹೈದರರಿಗೆ ಅವನೇ ದಾಳಿಕಾರ. ಇಬ್ಬರ ದೃಷ್ಟಿಯೂ ಆಯುಧ ಹಿಡಿದವನ ಮೇಲೆಯೇ ನಿಂತಿದೆ. ಅದೇ ವೇಳೆಗೆ ಅದೇ ಗಡಿಯನ್ನು ಕೂಸು ಕಂಕುಳಲ್ಲಿ, ಗಂಟು ತಲೆಯ ಮೇಲೆ ಹೊತ್ತು ದಾಟಿ, ಇಂಡಿಯ ಕಡೆಯ ಯಾವುದೋ ಹಳ್ಳಿಯಲ್ಲಿ ಬೀಗರ ಮನೆಯ ದನದ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇದ್ದ ಹೆಂಗಸಿಗೆ ಈ ಗ್ರಂಥಗಳಲ್ಲಿ ಪಾತ್ರವಿಲ್ಲ. ಅವಳು ‘ನಿರಾಶ್ರಿತರು’ ಎಂಬ ಬಹುವಚನದಲ್ಲಿ ಅಡಗಿಹೋಗಿದ್ದಾಳೆ. ಎರಡು ವಿರುದ್ಧ ಪಕ್ಷಗಳ ಕಥನಗಳು ಒಂದೇ ಕಡೆ ಕುರುಡಾಗಿದ್ದರೆ ಆ ಕುರುಡು ಪಕ್ಷದ್ದಲ್ಲ, ಪ್ರಕಾರದ್ದೆಂದು ತಿಳಿಯಬೇಕು. ಸಾರ್ವಜನಿಕ ಪುರುಷನ ಆತ್ಮಕಥೆಯೆಂಬ ಪ್ರಕಾರಕ್ಕೆ ಮನೆ ಬಿಡುವುದು ಒಂದು ಘಟನೆಯಾಗಿ ಕಾಣಿಸುವುದೇ ಇಲ್ಲ.

೪

ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಕಥನಗಳ ರೀತಿ ಬೇರೆ. ಅವುಗಳ ಮೂರು ಲಕ್ಷಣಗಳನ್ನು ಇಲ್ಲಿ ಎತ್ತಿ ಹೇಳಬಹುದು.

ಮೊದಲನೆಯದು ಕಾಲಗಣನೆ. ಈ ಕಥನಗಳಲ್ಲಿ ತಾರೀಖುಗಳಿಲ್ಲ. ಬೆಳೆ ಮತ್ತು ಹೊಳೆಗಳೇ ಪಂಚಾಂಗ. ಬಿಳಿಜೋಳದ ರಾಶಿಯಾಗಿ ಕಣ ಬರಿದಾಗಿದ್ದಿತು, ಹೊಳೆಯಲ್ಲಿ ನೀರು ಮೊಣಕಾಲಿಗಿದ್ದಿತು ಎಂದರೆ ಅದು ಬೇಸಿಗೆ. ಹೊಳೆ ತುಂಬಿ ಹರಿಗೋಲಿಗಾಗಿ ಕಾಯಬೇಕಾಯಿತೆಂದರೆ ಅದು ಮಳೆಗಾಲ. ಹಿಂಗಾರಿ ಬಿತ್ತುವ ಹೊತ್ತಿಗೆ ತಿರುಗಿ ಬಂದೆವೆಂದರೆ ಸೆಪ್ಟೆಂಬರಿನ ಕಾರ್ಯಾಚರಣೆ ಮುಗಿದಿದ್ದಿತೆಂದು ನಾವು ತಿಳಿದುಕೊಳ್ಳಬೇಕು. ಇದನ್ನು ಅನಕ್ಷರಸ್ಥರ ಅಸ್ಪಷ್ಟತೆಯೆಂದು ತಳ್ಳಿಬಿಡುವುದು ಸರಿಯಲ್ಲ. ಎರೆನೆಲದ ಒಕ್ಕಲಿಗನಿಗೆ ಬಿತ್ತನೆ ತಪ್ಪುವುದೆಂದರೆ ವರ್ಷದ ಅನ್ನ ತಪ್ಪುವುದು. ಊರು ಬಿಟ್ಟುದಕ್ಕೆ ಅವನು ತೆತ್ತ ಬೆಲೆ ಏನೆಂಬುದನ್ನು ಈ ಗಣನೆಯೇ ಸೂಚಿಸುತ್ತದೆ. ತಾರೀಖು ಈ ಅರ್ಥವನ್ನು ಕೊಡಲಾರದು.

ಎರಡನೆಯದು ವಸ್ತುಗಳ ಪಟ್ಟಿ. ಏನನ್ನು ಒಯ್ದರು, ಏನನ್ನು ಬಿಟ್ಟರು ಎಂಬುದು ಇಂಥ ಕಥನಗಳಲ್ಲಿ ವಿಸ್ತಾರವಾಗಿ ಬರುತ್ತದೆ. ಜೋಳವನ್ನು ಹಗೇವಿಗೆ ಹಾಕಿ ಬಾಯಿ ಮುಚ್ಚಿ ಮೇಲೆ ಮಣ್ಣು ಸರಿಸಿದುದು, ಎತ್ತುಗಳನ್ನು ಹೊಡೆದುಕೊಂಡು ಹೋಗುವುದೋ ಬಿಡುವುದೋ ಎಂಬ ಚರ್ಚೆ, ಬೀಸುಕಲ್ಲನ್ನು ಒಯ್ಯಲಾಗದೆ ಬಿಟ್ಟ ಕೊರಗು ಇವು ಕೇಳುವವನಿಗೆ ಕ್ಷುಲ್ಲಕವಾಗಿ ತೋರಬಹುದು. ಆದರೆ ಭಯವೆಂಬ ಸ್ಥಾಯಿಗೆ ಇವೇ ಉದ್ದೀಪನಗಳು. ಭಯವನ್ನು ಭಯವೆಂದು ಹೆಸರಿಸಿದರೆ ರಸ ಹುಟ್ಟದು. ಮುಚ್ಚಿದ ಹಗೇವಿನ ಬಾಯಿ ಆ ಕೆಲಸ ಮಾಡುತ್ತದೆ. ಈ ಪ್ರಾಂತದಲ್ಲಿಯೇ ಇದಕ್ಕೆ ಹಳೆಯ ಮೇಲ್ಪಂಕ್ತಿಯೊಂದುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ಬಿಟ್ಟು ಚೆನ್ನಬಸವಣ್ಣನೊಡನೆ ಉಳವಿಯ ಕಡೆಗೆ ನಡೆದ ಶರಣರನ್ನು ಪರಂಪರೆ ನೆನೆಯುವುದು ಅವರ ಕಾಳಗಕ್ಕಿಂತ ಹೆಚ್ಚಾಗಿ ಅವರು ಹೊತ್ತೊಯ್ದ ವಚನದ ಕಟ್ಟುಗಳಿಂದ. ಹೋಗುವವನ ಕೈಯಲ್ಲಿರುವುದೇ ಅವನ ಕಥೆಯ ತಿರುಳೆಂಬ ತಿಳಿವು ನಮ್ಮ ಜನಕ್ಕೆ ಹೊಸದಲ್ಲ.

ಮೂರನೆಯದು, ಅತ್ಯಂತ ಮುಖ್ಯವಾದುದು, ಹಿಂದೆ ಉಳಿದ ನೆರೆಯವನ ಸ್ಥಾನ. ಮನೆಗೆ ಕೀಲಿ ಹಾಕಿದ ಮೇಲೆ ಮನೆಯ ಕಡೆ ನೋಡಿಕೊಳ್ಳೆಂದು ಯಾರಿಗಾದರೂ ಹೇಳಬೇಕು. ಹಿಂದೂ ಮನೆಯವರು ಹೊಳೆ ದಾಟುವಾಗ ಊರಿನಲ್ಲಿ ಉಳಿಯಬಲ್ಲವನು ಅನೇಕ ವೇಳೆ ಮುಸಲ್ಮಾನ ನೆರೆಯವನು. ಅವನು ದಂಡು ಬರುವುದನ್ನು ಮುಂಚೆಯೇ ತಿಳಿಸಿದನೋ, ಸುಮ್ಮನಿದ್ದನೋ, ದಂಡಿನೊಡನೆ ಸೇರಿದನೋ ಎಂಬುದರ ಮೇಲೆ ಇಡೀ ಕಥನದ ಧ್ವನಿ ನಿಂತಿರುತ್ತದೆ. ‘ರಜಾಕಾರರು’ ಎಂದಾಗ ಅದು ಹೊರಗಿನಿಂದ ಬಂದವರ ಹೆಸರು. ಅಣ್ಣಾ, ಚಾಚಾ, ಮಾಮಾ ಎಂದು ಸಂಬಂಧ ಹಚ್ಚಿ ಕರೆದಾಗ ಅದು ಊರಿನವರ ಹೆಸರು. ಒಂದೇ ಉಸಿರಿನಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲ ಕಥನವು ಸತ್ತ್ವಯುತವಾದುದು. ಎರಡನ್ನೂ ಒಂದು ಮಾಡಿಬಿಡುವ ಕಥನವು ಕಲೆಯ ದೃಷ್ಟಿಯಿಂದಲೂ ಸತ್ಯದ ದೃಷ್ಟಿಯಿಂದಲೂ ದುರ್ಬಲವಾದುದು. ಮನೆಯ ಕಥನಗಳನ್ನು ತೂಗಲು ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇರೆ ಇಲ್ಲವೆಂದು ತೋರುತ್ತದೆ.

ಇಂಥ ನೆನಪು ಮನೆಯಿಂದ ಸಭೆಗೆ ಬಂದಾಗ ಆಗುವ ಮಾರ್ಪಾಡಿಗೆ ಒಂದು ನಿದರ್ಶನವನ್ನು ಕೊಡಬಹುದು. ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು ಬಾಲ್ಯದಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ತಾಯಿಯನ್ನು ಕಳೆದುಕೊಂಡು ತಂದೆಯೊಡನೆ ಊರು ಬಿಟ್ಟು ಕಲಬುರಗಿಯನ್ನು ಸೇರಿದವರು. ದೀರ್ಘಕಾಲದ ರಾಜಕೀಯ ಜೀವನದಲ್ಲಿ ಅವರು ಈ ದುಃಖವನ್ನು ಬಂಡವಾಳ ಮಾಡಿಕೊಂಡವರಲ್ಲ. ಈಚಿನ ವರ್ಷಗಳಲ್ಲಿ ಅವರ ಮಗನ ಮಾತಿನಿಂದ ಅದು ಹೆಚ್ಚಾಗಿ ಪ್ರಚಾರಕ್ಕೆ ಬಂದಿತು. ೨೦೨೪ರ ಚುನಾವಣೆಯ ಕಾಲಕ್ಕೆ ಪರಪಕ್ಷದವರ ಭಾಷಣದ ವಸ್ತುವೂ ಆಯಿತು. ನೆನಪು ಉಳ್ಳವನು ಮೌನವಾಗಿದ್ದು, ನೆನಪು ಇಲ್ಲದವನು ಅದನ್ನು ಮಾತಾಡುವ ಸ್ಥಿತಿ ಇದು. ಶೋಕವು ಸ್ಥಾಯಿಯಾಗಿದ್ದ ಕಥನಕ್ಕೆ ಹೊರಗಿನವರು ಕ್ರೋಧವನ್ನು ಸ್ಥಾಯಿಯಾಗಿ ಜೋಡಿಸಿದರೆ ಅದು ರಸಾಭಾಸವೆಂದು ಹೇಳುವ ಹೊಣೆ ವಿಮರ್ಶಕನದು.

೫

ಇಲ್ಲಿಯವರೆಗೆ ಹೇಳಿದುದು ಮೊದಲ ನಿರ್ಗಮನದ ಮಾತು. ೧೯೪೮ರ ಸೆಪ್ಟೆಂಬರಿನ ತರುವಾಯ ಎರಡನೆಯ ನಿರ್ಗಮನವೊಂದು ನಡೆಯಿತು. ಹೊಳೆ ದಾಟಿ ಹೋದವರು ತಿರುಗಿ ಬಂದರು. ಊರಿನಲ್ಲಿದ್ದ ಮುಸಲ್ಮಾನರು ಊರು ಬಿಡಬೇಕಾಯಿತು. ಕೊಲೆ, ಸುಲಿಗೆ, ಮಾನಭಂಗಗಳು ನಡೆದವು. ಭಾರತ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡವು ೧೯೪೮ರ ನವೆಂಬರ್ ೨೯ರಿಂದ ಡಿಸೆಂಬರ್ ೨೧ರವರೆಗೆ ಸಂಚರಿಸಿ, ಸಂಸ್ಥಾನದ ೧೬ ಜಿಲ್ಲೆಗಳ ಪೈಕಿ ೯ನ್ನು ಕಂಡು ವರದಿ ಸಲ್ಲಿಸಿತು. ಕಡಿಮೆಯೆಂದರೂ ೨೭,೦೦೦ದಿಂದ ೪೦,೦೦೦ ಜನ ಹತರಾದರೆಂಬುದು ಅದರ ಅಂದಾಜು. ಅತ್ಯಂತ ಹೆಚ್ಚಿನ ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದು, ಬೀದರ, ನಾಂದೇಡಗಳೊಡನೆ ಕಲಬುರಗಿಯೂ ಸೇರಿದೆ. ವರದಿ ದಶಕಗಳ ಕಾಲ ಸರಕಾರದ ಕಡತದಲ್ಲಿಯೇ ಉಳಿದಿದ್ದು, ಪೂರ್ಣರೂಪದಲ್ಲಿ ಓದುಗರ ಕೈಗೆ ಬಂದುದು ಬಹಳ ತಡವಾಗಿ.

ಈ ಎರಡನೆಯ ನಿರ್ಗಮನದ ಕಥನವನ್ನು ಮೊದಲನೆಯದರ ಪಕ್ಕದಲ್ಲಿಟ್ಟು ನೋಡಿದರೆ ರಚನೆಯ ಸಾಮ್ಯ ಎದ್ದು ಕಾಣುವುದು. ಬಿಟ್ಟ ಹೊಲ, ಮುಚ್ಚಿದ ಮನೆ, ದಾರಿಯ ರಾತ್ರಿ, ಆಶ್ರಯ ಕೊಟ್ಟ ಅಥವಾ ಕೊಡದ ನೆರೆಯವನು ಎಲ್ಲವೂ ಅವೇ. ದಿಕ್ಕು ಮಾತ್ರ ಬೇರೆ: ಇವರು ಕಲಬುರಗಿ, ಹೈದರಾಬಾದುಗಳಂಥ ಪಟ್ಟಣಗಳ ಕಡೆಗೆ ನಡೆದರು. ನೆರೆಯವನ ಒರೆಗಲ್ಲು ಇಲ್ಲಿಯೂ ಸಲ್ಲುತ್ತದೆ. ಮುಸಲ್ಮಾನ ನೆರೆಯವರನ್ನು ತಮ್ಮ ಪ್ರಾಣವನ್ನು ಒತ್ತೆಯಿಟ್ಟು ಕಾಪಾಡಿದ ಹಿಂದೂಗಳಿದ್ದರೆಂದು ಸುಂದರಲಾಲರ ವರದಿಯೇ ಹೇಳುತ್ತದೆ. ಒಂದೇ ಕಸುಬಿನವರಲ್ಲಿ ಈ ಭ್ರಾತೃಭಾವ ಹೆಚ್ಚಾಗಿ ಕಂಡುಬಂದಿತೆಂದೂ, ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಬೆಂಬಲಕ್ಕೆ ನಿಂತರೆಂದೂ ಅದು ದಾಖಲಿಸಿದೆ. ಅಂಕಿಸಂಖ್ಯೆಗಳ ವರದಿಯೊಂದು ಮಗ್ಗದ ಮನೆಗಳ ಕಡೆಗೆ ತಿರುಗಿ ನಿಂತ ಈ ಗಳಿಗೆಯಲ್ಲಿ ಅದು ತಾನೇ ಸಾಹಿತ್ಯದ ಅಂಚನ್ನು ಮುಟ್ಟುತ್ತದೆ.

ಹೀಗಿದ್ದೂ ಎರಡು ಕಥನಗಳ ಗತಿ ಒಂದೇ ಆಗಲಿಲ್ಲ. ಮೊದಲನೆಯದಕ್ಕೆ ಜಯದ ಮುಕ್ತಾಯ ಸಿಕ್ಕಿತು. ಸೆಪ್ಟೆಂಬರ್ ೧೭ರ ಉತ್ಸವ, ಗೋರ್ಟಾದ ಸ್ಮಾರಕ, ಪಠ್ಯಪುಸ್ತಕದ ಪಾಠ ಇವುಗಳಲ್ಲಿ ಅದು ವೀರರಸದ ಪೂರ್ವರಂಗವಾಗಿ ಸೇರಿಹೋಯಿತು. ಹಾಗೆ ಸೇರಿದಾಗ ಅದರ ಸ್ವಂತ ಭಯಶೋಕಗಳು ಕರಗಿದವು. ಸತ್ತವರಿಗೆ ಕಲ್ಲು ನಿಂತಿತು, ಹೋಗಿ ಬಂದವರಿಗೆ ಏನೂ ನಿಲ್ಲಲಿಲ್ಲ. ಎರಡನೆಯದಕ್ಕೆ ಯಾವ ಜಯದ ಮುಕ್ತಾಯವೂ ಇರಲಿಲ್ಲವಾಗಿ ಅದು ಕಥನವಾಗಿಯೇ ಬೆಳೆಯಲಿಲ್ಲ. ಮನೆಯೊಳಗಿನ ಪಿಸುಮಾತಾಗಿ ಉಳಿಯಿತು. ಒಂದು ಅತಿಯಾದ ಮಾತಿನಲ್ಲಿ ಮುಚ್ಚಿಹೋಯಿತು, ಇನ್ನೊಂದು ಮೌನದಲ್ಲಿ. ಇವೆರಡನ್ನು ತಕ್ಕಡಿಯಲ್ಲಿಟ್ಟು ಯಾರ ನೋವು ಹೆಚ್ಚೆಂದು ತೂಗುವುದು ವಿಮರ್ಶೆಯ ಕೆಲಸವಲ್ಲ. ಒಂದೇ ಅಳತೆಗೋಲಿನಿಂದ ಓದುವುದು ಅದರ ಕೆಲಸ. ಒಂದನ್ನು ಹೇಳಿದರೆ ಇನ್ನೊಂದನ್ನು ಸಮರ್ಥಿಸಿದಂತಾಗುವುದೆಂಬ ಭೀತಿಯಿಂದ ನಮ್ಮ ಬರೆಹಗಾರರು ಬಹುಕಾಲ ಎರಡನ್ನೂ ಕೈಬಿಟ್ಟರು. ಈ ಭೀತಿಗೆ ಆಧಾರವಿಲ್ಲ. ಮೊದಲ ನಿರ್ಗಮನದಲ್ಲಿ ನೊಂದವನ ದುಃಖವು ಎರಡನೆಯದನ್ನು ಒಪ್ಪಿಕೊಂಡ ಮಾತ್ರಕ್ಕೆ ಕಿರಿದಾಗುವುದಿಲ್ಲ.

೬

ಎರಡು ಸಮಾಜಗಳ ಶೋಕವನ್ನು ಒಂದೇ ಪಾತ್ರೆಯಲ್ಲಿ ಹಿಡಿಯಬಲ್ಲ ಕಾವ್ಯರೂಪ ಈ ನಾಡಿನಲ್ಲಿ ಇದ್ದಿತೇ ಎಂದು ಕೇಳಿದರೆ, ಇದ್ದಿತು, ಈಗಲೂ ಇದೆ, ಎಂದೇ ಉತ್ತರಿಸಬೇಕು. ಕಲಬುರಗಿ, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಮೊಹರಮ್ಮಿನ ಕಾಲಕ್ಕೆ ಹಾಡುವ ರಿವಾಯತ ಪದಗಳು ಕನ್ನಡದವು. ಹಾಡುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಉಂಟು. ಅವುಗಳ ವಸ್ತು ಮನೆ ಬಿಟ್ಟು ಹೊರಟ ಹುಸೇನರ ಪರಿವಾರ, ಹೊಳೆ ಹತ್ತಿರವಿದ್ದೂ ನೀರು ದೊರೆಯದ ಮಕ್ಕಳ ಬಾಯಾರಿಕೆ, ಕರ್ಬಲೆಯ ಮರಣ. ಜೇವರ್ಗಿಯ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ತ್ವಪದಗಳ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಬನೂ ಒಬ್ಬ ಪದಕಾರ. ಆಳಂದದ ಲಾಡ್ಲೆ ಮಶಾಯಕರ ದರ್ಗೆಗೂ ಗಾಣಗಾಪುರದ ದತ್ತನ ಸನ್ನಿಧಿಗೂ ನಡುವೆ ಇರುವ ಈ ನೆಲಕ್ಕೆ ಪರರ ಶೋಕವನ್ನು ತನ್ನದೆಂದು ಹಾಡುವ ವಿದ್ಯೆ ಗೊತ್ತಿಲ್ಲದುದಲ್ಲ. ಹದಿಮೂರು ಶತಮಾನಗಳ ಹಿಂದೆ ಪರದೇಶದಲ್ಲಿ ಮನೆ ಬಿಟ್ಟವರಿಗಾಗಿ ಅಳಬಲ್ಲ ಊರು ತನ್ನದೇ ಓಣಿಯಿಂದ ಹೊರಟವರಿಗಾಗಿ ಪದ ಕಟ್ಟಲಿಲ್ಲವೆಂಬುದು ವಿಮರ್ಶಕರು ಕುಳಿತು ಯೋಚಿಸಬೇಕಾದ ವಿಷಯ. ಪುರಾಣದ ದೂರವು ಶೋಕಕ್ಕೆ ರಸತ್ವವನ್ನು ಕೊಡುತ್ತದೆ; ಹತ್ತಿರದ ನೋವಿನಲ್ಲಿ ಹಾಡುವವನೂ ಕೇಳುವವನೂ ಯಾವುದೋ ಪಾತ್ರದಲ್ಲಿ ಸಿಕ್ಕಿಕೊಂಡಿರುತ್ತಾರೆ. ಕಾರಣ ಬಹುಶಃ ಇದೇ ಇರಬೇಕು.

ಆ ಅಂತರ ಈಗ ಒದಗಿದೆ. ಆದರೆ ಅಂತರ ಒದಗುವ ಹೊತ್ತಿಗೆ ಹೇಳುವವರು ಇಲ್ಲದಾಗುತ್ತಿದ್ದಾರೆ. ೧೯೪೮ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಅಂಚಿನಲ್ಲಿದ್ದಾರೆ. ಈ ಭಾಗದ ಕಾಲೇಜುಗಳ ಕನ್ನಡ ವಿಭಾಗಗಳು ಜನಪದಗೀತೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಈ ಕಥನಗಳನ್ನೂ ಬರೆದುಕೊಳ್ಳಬೇಕು. ಬರೆದುಕೊಳ್ಳುವವರು ‘ರಜಾಕಾರರು ಏನು ಮಾಡಿದರು’ ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸಿದರೆ ಉತ್ಸವದ ದಿನ ಕೇಳಿದ ಭಾಷಣವೇ ಉತ್ತರವಾಗಿ ಬಂದೀತು. ಹೊಳೆಯಲ್ಲಿ ಆಗ ನೀರೆಷ್ಟಿತ್ತು, ಗಂಟಿನಲ್ಲಿ ಏನಿತ್ತು, ಕೀಲಿ ಯಾರ ಕೈಯಲ್ಲಿತ್ತು, ತಿರುಗಿ ಬಂದಾಗ ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ಕೇಳಬೇಕು. ಭೀಮೆಯ ಆಚೆಯ ದಂಡೆಯಲ್ಲಿ ಆಶ್ರಯ ಕೊಟ್ಟ ಮನೆಗಳಲ್ಲಿಯೂ, ಕಲಬುರಗಿಯ ಮೊಹಲ್ಲಾಗಳಲ್ಲಿ ನೆಲೆಸಿದ ಮನೆಗಳಲ್ಲಿಯೂ ಇದೇ ನಾಲ್ಕು ಪ್ರಶ್ನೆಗಳನ್ನು ಬದಲಿಸದೆ ಕೇಳಬೇಕು. ಕನ್ನಡದ ಜೊತೆಗೆ ದಖನಿ ಉರ್ದುವಿನಲ್ಲಿ ಬಂದ ಉತ್ತರವನ್ನೂ ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು.

ಹೀಗೆ ದೊರೆತುದನ್ನು ಒಂದೇ ಸಂಪುಟದಲ್ಲಿ, ಎರಡು ಭಾಗ ಮಾಡದೆ, ಊರಿನ ಕ್ರಮದಲ್ಲಿ ಅಚ್ಚು ಮಾಡುವುದು ಯುಕ್ತ. ಅತನೂರಿನ ಹೆಸರಿನ ಕೆಳಗೆ ಬೇಸಿಗೆಯಲ್ಲಿ ಹೋದವರ ಮಾತೂ ಮಳೆಗಾಲ ಮುಗಿದ ಮೇಲೆ ಹೋದವರ ಮಾತೂ ಒಂದರ ನಂತರ ಒಂದು ಬರಬೇಕು. ಅಂಥ ಸಂಪುಟವೊಂದು ಇಲ್ಲದಿರುವವರೆಗೆ ಆ ವರ್ಷವನ್ನು ಕುರಿತು ನಮ್ಮಲ್ಲಿ ಇತಿಹಾಸವಿದೆ, ಉತ್ಸವವಿದೆ, ವಾಗ್ವಾದವಿದೆ, ಸಾಹಿತ್ಯವಿದೆಯೆಂದು ಹೇಳುವಂತಿಲ್ಲ.